ಸ್ವಭಾಷೆಯಲ್ಲಿ ಬೈಬಲ್: ಕನ್ನಡ ನಾಡು ಮತ್ತು ಬೆಂಗಳೂರು ದಂಡು

ಕ್ರೈಸ್ತರು ತಮ್ಮ ಧರ್ಮಗ್ರಂಥವನ್ನು ಆಡುಮಾತಿನಲ್ಲೇ ಓದಬೇಕು, ಕೇಳಬೇಕು ಎಂಬ ಒತ್ತಾಯಕ್ಕೆ ಆಧಾರ ಬೈಬಲಿನೊಳಗೇ ಇದೆ. ಯೇಸುವಿನ ಸುತ್ತಲಿನ ಜನ ಆಡುತ್ತಿದ್ದುದು ಅರಮಾಯಿಕ್. ಯೇಸುವಿನ ಬೋಧನೆ ಉಳಿದು ಬಂದಿರುವುದು ಗ್ರೀಕ್‌ನಲ್ಲಿ. ಪೆಂತೆಕೋಸ್ತ್ ದಿನ ಜೆರುಸಲೇಮಿನಲ್ಲಿ ನೆರೆದಿದ್ದ ಪರದೇಶದವರಿಗೆ ಅಪೊಸ್ತಲರ ಮಾತು ಅವರವರ ನುಡಿಯಲ್ಲೇ ಕೇಳಿಸಿತೆಂಬ ಪ್ರಸಂಗವೂ ಉಂಟು. ಸ್ವತಃ ಓದಿ ನಂಬುವುದಕ್ಕೆ ಪ್ರೊಟೆಸ್ಟೆಂಟರು ಒತ್ತು ಕೊಟ್ಟರೆ, ಕಥೋಲಿಕರಲ್ಲಿ ಗ್ರಂಥ ಬಹುಕಾಲ ಗುರುಗಳ ಬಾಯಿಂದಲೇ ಬಂತು.

ಮೊದಲ ಕನ್ನಡ ಬೈಬಲ್ ಯಾರದು ಎಂಬಲ್ಲಿ ಬರಹಗಳು ಒಂದೇ ಮಾತಾಡುವುದಿಲ್ಲ. ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿಯವರ ನೆಲೆಯಾದ ಬಂಗಾಳದ ಸೆರಾಂಪುರದಲ್ಲಿ ಸಿದ್ಧವಾಗುತ್ತಿದ್ದ ಕನ್ನಡ ಕೈಬರಹ 1812ರ ಮುದ್ರಣಾಲಯದ ಬೆಂಕಿಗೆ ಆಹುತಿಯಾಗಿ, ಹೊಸ ಒಡಂಬಡಿಕೆ ಅಚ್ಚಾದದ್ದು 1823ರಲ್ಲಿ. ಅಷ್ಟರಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೇರೆಯೇ ಅನುವಾದಕ್ಕೆ ತೊಡಗಿದ್ದರು. ನಿಘಂಟುಕಾರ ವಿಲಿಯಂ ರೀವ್ ಜೊತೆಗೂಡಿದ ಆ ಕೆಲಸ 1831ರ ಹೊತ್ತಿಗೆ ಸಂಪೂರ್ಣ ಬೈಬಲಾಯಿತು. ಇಡೀ ಗ್ರಂಥದ ಮಟ್ಟಿಗೆ ಮೊದಲಿಗತನ ಬಳ್ಳಾರಿಗೇ ಸಲ್ಲುತ್ತದೆ. ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಅದನ್ನು ಪರಿಷ್ಕರಿಸಿದರು.

ಇಂಥ ಅನುವಾದಗಳಿಗೆ ಎದುರುವಾದ ಮೈಸೂರು ಸೀಮೆಯಿಂದ ಎದ್ದಿತು. ಇಲ್ಲಿ ದೀರ್ಘಕಾಲ ದುಡಿದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ದೇಶಭಾಷೆಗಳಿಗೆ ಆತುರದಿಂದ ಮಾಡಿದ ಅನುವಾದಗಳು ಓದುಗರಲ್ಲಿ ಅವಜ್ಞೆ ಹುಟ್ಟಿಸುತ್ತವೆ ಎಂದು ವಾದಿಸಿದರು. ಮಿಷನರಿಗಳು ಇದಕ್ಕೆ ಕಟುವಾಗಿ ಉತ್ತರಿಸಿದರೂ, ಮತ್ತೆಮತ್ತೆ ನಡೆದ ಪರಿಷ್ಕರಣೆಗಳನ್ನು ನೋಡಿದರೆ ಭಾಷೆಯ ಬಗೆಗಿನ ದ್ಯುಬುವಾ ಅವರ ದೂರು ಪೂರ್ತಿ ಸುಳ್ಳಾಗಿರಲಿಲ್ಲ.

ಕನ್ನಡ ಬೈಬಲಿನ ಕಥೆ ಹೇಳುವವರು ಸಾಮಾನ್ಯವಾಗಿ ಹತ್ತೊಂಬತ್ತನೆಯ ಶತಮಾನಕ್ಕೇ ಮುಗಿಸಿಬಿಡುತ್ತಾರೆ. ಬೆಂಗಳೂರು ದಂಡಿನ (ಕಂಟೋನ್ಮೆಂಟ್) ಮಟ್ಟಿಗೆ ಅಸಲು ತಿರುವು ಬಂದದ್ದು ಆಮೇಲೆ. 1809ರಲ್ಲಿ ನೆಲೆಗೊಂಡ ದಂಡಿಗೆ ಮದರಾಸು ಸೈನ್ಯದ ಬೆನ್ನಿಗೆ ತಮಿಳರು ಬಂದಿದ್ದರು. ಅವರ ಭಾಷೆಯಲ್ಲಿ ಹೊಸ ಒಡಂಬಡಿಕೆ 1715ರಲ್ಲೇ ತರಂಗಂಬಾಡಿಯಲ್ಲಿ ಅಚ್ಚಾಗಿತ್ತು. ಕಥೋಲಿಕರಿಗಾದರೋ ಭಾಷೆ ಯಾವುದಿದ್ದರೂ ಪೂಜೆ ಲತೀನಿನಲ್ಲಿ. ಪ್ರಸಂಗ, ಜಪಸರದ ಪ್ರಾರ್ಥನೆ ಮಾತ್ರ ಮನೆಮಾತಿನಲ್ಲಿ.

ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜೆಗೆ ದೇಶಭಾಷೆಗಳನ್ನು ಬಿಟ್ಟುಕೊಟ್ಟಿತು. 1965ರಲ್ಲಿ, ಗ್ರಂಥ ಎಲ್ಲ ವಿಶ್ವಾಸಿಗಳ ಕೈಗೆ ಎಟುಕಬೇಕೆಂದು ಸಾರಿತು. ಈ ತೀರ್ಮಾನಗಳನ್ನು ಭಾರತದಲ್ಲಿ ಜಾರಿಗೆ ತರಲು 1967ರಲ್ಲಿ ಹುಟ್ಟಿದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರ ಕುಕ್ ಟೌನ್ ಬಳಿಯ ಹಚಿನ್ಸ್ ರಸ್ತೆಯಲ್ಲಿದೆ. ಸ್ಥಾಪಕ ನಿರ್ದೇಶಕ ಡಿ. ಎಸ್. ಅಮಲೋರ್ಪವದಾಸ್ ಬೈಬಲ್ ಶಿಕ್ಷಣ, ಉಪದೇಶಿಗಳ ತರಬೇತಿಗಳನ್ನು ಇಲ್ಲಿ ಕಟ್ಟಿದರು. ಅವರಿಗೆ ಭಾಷೆ ಬದಲಾದರೆ ಸಾಲದು, ಆಚರಣೆಯೂ ಬದಲಾಗಬೇಕಿತ್ತು. ನೆಲದಲ್ಲಿ ಕೂರುವುದು, ಕೈಜೋಡಿಸುವುದು, ಆರತಿ ಮುಂತಾದ ಹನ್ನೆರಡು ಅಂಶಗಳಿಗೆ 1969ರಲ್ಲಿ ರೋಮ್ ಒಪ್ಪಿತು. ಇದು ಹಿಂದೂಕರಣ ಎಂದು ಕಥೋಲಿಕರಲ್ಲೇ ಕೆಲವರು ಸಿಡಿದೆದ್ದರು. ಆ ವಾದ ಇಂದಿಗೂ ಪೂರ್ಣವಾಗಿ ತಣ್ಣಗಾಗಿಲ್ಲ.

ಲತೀನು ಹೋದೊಡನೆ, ಮುಂದೇನು ಎಂಬ ಪ್ರಶ್ನೆ ಎದ್ದಿತು. ಕನ್ನಡವೋ, ತಮಿಳೋ, ಇಂಗ್ಲಿಷೋ? ನಾಡಿನ ಭಾಷೆಯಲ್ಲಿ ಪೂಜೆ ಬೇಕೆಂದು ಕನ್ನಡ ಕಥೋಲಿಕರು ಹಕ್ಕೊತ್ತಾಯ ಮಾಡಿದರು; ತಲೆಮಾರುಗಳಿಂದ ಇಲ್ಲೇ ಇದ್ದ ತಮಿಳು ಭಕ್ತರೂ ಸ್ವಭಾಷೆಯ ತತ್ತ್ವವನ್ನೇ ಮುಂದಿಟ್ಟರು. ಎರಡೂ ಕಡೆಯ ಆಧಾರ ಒಂದೇ ಆದ್ದರಿಂದ ದೈವಶಾಸ್ತ್ರದಿಂದ ಇದು ಬಗೆಹರಿಯಲಿಲ್ಲ. ಶಿವಾಜಿನಗರದ ಸಂತ ಮೇರಿ ಬಸಿಲಿಕದಂಥ ಕಡೆ ಮೂರೂ ಭಾಷೆಗಳ ಪೂಜೆಗಳನ್ನು ಬೇರೆಬೇರೆ ಹೊತ್ತಿಗೆ ಹಂಚಲಾಗಿದೆ.

ಇತ್ತ ಕಥೋಲಿಕರು ಮತ್ತು ಪ್ರೊಟೆಸ್ಟೆಂಟರ ಜಂಟಿ ಅನುವಾದಗಳಿಗೆ ದಾರಿ ತೆರೆದದ್ದು ವ್ಯಾಟಿಕನ್ ಮತ್ತು ಬೈಬಲ್ ಸೊಸೈಟಿಗಳ 1968ರ ಒಪ್ಪಂದ. ಬಳಕೆಗನ್ನಡದ ಅನುವಾದವನ್ನು, ಕಥೋಲಿಕರು ಒಪ್ಪುವ ಹೆಚ್ಚುವರಿ ಪುಸ್ತಕಗಳೊಂದಿಗೆ, ಮಹಾತ್ಮ ಗಾಂಧಿ ರಸ್ತೆಯಲ್ಲಿ ಕಚೇರಿಯಿರುವ ಬೈಬಲ್ ಸೊಸೈಟಿ ಆಫ್ ಇಂಡಿಯಾ ಹೊರತಂದಿದೆ.