ಡಾಲ್ಫಿನ್ ಕಲಿಸಿದ ಪಾಠ: ಕಾರು ಮನೆಗೂ ಆಗಬೇಕು, ಓಡಿಸೋಕೆ ಮಜಾನೂ ಇರಬೇಕು

(1/7)
ಬೆಂಗಳೂರಲ್ಲೇ ತಯಾರಾದ ಕಾರು ಯಾವುದು ಅಂತ ಕೇಳಿದ್ರೆ ನಮ್ಮ ಕ್ಲಾಸಲ್ಲಿ ಅರ್ಧ ಜನ ರೇವಾ ಅಂತಾರೆ. ಇನ್ನರ್ಧ ಜನ ಬಿಡದಿ ಕಡೆ ಕೈ ತೋರಿಸಿ ಕ್ವಾಲಿಸ್, ಇನ್ನೋವಾ ಅಂತಾರೆ. ಅವೆರಡಕ್ಕೂ ಎಷ್ಟೋ ವರ್ಷ ಮುಂಚೆ ಇಲ್ಲೊಂದು ಕಾರು ತಯಾರಾಗ್ತಿತ್ತು. ಹೆಸರು ಡಾಲ್ಫಿನ್.

ಮಾಡ್ತಿದ್ದದ್ದು ಸಿಪಾನಿ ಆಟೊಮೊಬೈಲ್ಸ್. 1970ರ ದಶಕದಲ್ಲಿ ಇವರು 'ಬಾದಲ್' ಅನ್ನೋ ಮೂರು ಚಕ್ರದ ಕಾರು ಮಾಡಿದ್ರು. ಫೈಬರ್‌ಗ್ಲಾಸ್ ಬಾಡಿ, 198 ಸಿಸಿ ಎಂಜಿನ್. ಅದು ಅಷ್ಟಾಗಿ ಓಡಲಿಲ್ಲ. 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಂಪನಿಯ 'ಕಿಟನ್' ಕಾರಿನ ವಿನ್ಯಾಸ ತಂದು ಡಾಲ್ಫಿನ್ ಶುರು ಮಾಡಿದ್ರು. 848 ಸಿಸಿ, ನಾಲ್ಕು ಸಿಲಿಂಡರಿನ ಅಲ್ಯೂಮಿನಿಯಂ ಎಂಜಿನ್. ಬಾಡಿ ಇಲ್ಲೂ ಫೈಬರ್‌ಗ್ಲಾಸೇ. ಎಂಜಿನ್ ಮುಂದೆ, ತಳ್ಳೋದು ಹಿಂದಿನ ಚಕ್ರ.

ಅವತ್ತಿನ ಅಂಬಾಸಡರ್ ಒಂದು ಟನ್‌ಗಿಂತ ಹೆಚ್ಚು ತೂಗ್ತಿತ್ತು. ಅದರ ಪಕ್ಕದಲ್ಲಿ ಡಾಲ್ಫಿನ್ ಹತ್ತಿ ಮೂಟೆ. ಹಗುರ ಕಾರು ಬೇಗ ತಿರುಗುತ್ತೆ, ಬೇಗ ನಿಲ್ಲುತ್ತೆ, ಸಣ್ಣ ಎಂಜಿನ್ನಿಗೂ ಚಿಗರೆ ಥರ ನೆಗೆಯುತ್ತೆ. ಅದಕ್ಕೇ ರೇಸು, ರ‍್ಯಾಲಿ ಹುಚ್ಚಿನವರಿಗೆ ಡಾಲ್ಫಿನ್ ಅಂದ್ರೆ ಪ್ರಾಣ.

ಇಷ್ಟೆಲ್ಲ ಇದ್ದೂ ಇವತ್ತು ಹೆಬ್ಬಾಳದಲ್ಲಿ ಇಡೀ ದಿನ ನಿಂತ್ರೂ ನಿಮಗೆ ಒಂದು ಡಾಲ್ಫಿನ್ ಕಾಣಿಸಲ್ಲ. ಯಾಕೆ ಅಂತ ಗೊತ್ತಾದ್ರೆ ಇವತ್ತು ಯಾವ ಸೆಕೆಂಡ್ ಹ್ಯಾಂಡ್ ಕಾರು ತಗೋಬೇಕು ಅನ್ನೋದೂ ಅರ್ಧ ಗೊತ್ತಾದ ಹಾಗೆ. ಸ್ವೈಪ್ ಮಾಡಿ.

(2/7) ಅದಕ್ಕೂ ಮುಂಚೆ
ನಮ್ಮ ಅಜ್ಜ-ತಾತಂದಿರ ಕಾಲದಲ್ಲಿ ಆಯ್ಕೆ ಅನ್ನೋದೇ ಇರಲಿಲ್ಲ. ಕೋಲ್ಕತ್ತಾ ಹತ್ತಿರದ ಉತ್ತರಪಾರಾದಿಂದ ಅಂಬಾಸಡರ್, ಬೊಂಬಾಯಿಂದ ಫಿಯೆಟ್ (ಆಮೇಲೆ ಪ್ರೀಮಿಯರ್ ಪದ್ಮಿನಿ ಅಂತ ಹೆಸರಾಯ್ತು), ಮದ್ರಾಸಿಂದ ಸ್ಟ್ಯಾಂಡರ್ಡ್ ಹೆರಾಲ್ಡ್. ಮುಗೀತು ಪಟ್ಟಿ. ಎಷ್ಟು ಕಾರು ಮಾಡಬೇಕು ಅನ್ನೋದಕ್ಕೂ ಸರ್ಕಾರದ ಲೈಸೆನ್ಸ್ ಬೇಕಿತ್ತು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಒಂದೆರಡು ವರ್ಷ ಓಡಿದ ಫಿಯೆಟ್ ಒಮ್ಮೊಮ್ಮೆ ಹೊಸದಕ್ಕಿಂತ ಹೆಚ್ಚಿಗೆ ಮಾರಾಟ ಆಗ್ತಿತ್ತು!

ಆಗಲೂ ಇದೇ ಜಗಳ ಇತ್ತು ನೋಡಿ. ಅಂಬಾಸಡರ್ ಅಂದ್ರೆ ಸಂಸಾರಸ್ಥರ ಕಾರು. ಹಿಂದೆ ನಾಲ್ಕು ಜನ, ಮುಂದೆ ಮೂರು ಜನ, ಡಿಕ್ಕೀಲಿ ಅಕ್ಕಿ ಮೂಟೆ. ಫಿಯೆಟ್ ಅಂದ್ರೆ ತಾನೇ ಓಡಿಸೋರ ಕಾರು. 1089 ಸಿಸಿ, ಚಿಕ್ಕದು, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಡ್ರೈವರ್ ಇಟ್ಕೊಂಡವರು ಅಂಬಾಸಡರ್ ಕಡೆ, ಸ್ವಂತ ಕೈಯಲ್ಲಿ ಓಡಿಸೋ ಡಾಕ್ಟರು, ಲಾಯರು ಫಿಯೆಟ್ ಕಡೆ.

ಆದ್ರೆ ಎರಡಕ್ಕೂ ಒಂದು ವಿಷಯ ಸಮ. ಯಾವ ಊರಿನ ಯಾವ ಮೆಕ್ಯಾನಿಕ್ ಬೇಕಾದ್ರೂ ಕೈ ಹಾಕ್ತಿದ್ದ. ಹೊಸ ಪಾರ್ಟ್ಸ್ ಜೆಸಿ ರೋಡಲ್ಲಿ, ಹಳೇದು ಶಿವಾಜಿನಗರದ ಗುಜರೀಲಿ. ಬಾಡಿ ನೆಗ್ಗಿದ್ರೆ ಟಿಂಕರಿಂಗ್‌ನವನು ಸುತ್ತಿಗೇಲಿ ಬಡಿದು ಸರಿ ಮಾಡ್ತಿದ್ದ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

(3/7) 14 ಡಿಸೆಂಬರ್ 1983
ಅವತ್ತು ಮಾರುತಿ 800 ಬಂತು. 796 ಸಿಸಿ, ಮೂರೇ ಸಿಲಿಂಡರ್. ಬೆಲೆ 50 ಸಾವಿರದ ಆಸುಪಾಸು. ಲಕ್ಷಕ್ಕೂ ಹೆಚ್ಚು ಜನ ಮೊದಲೇ ದುಡ್ಡು ಕಟ್ಟಿ ಬುಕ್ ಮಾಡಿದ್ರು.

ಕಾಗದದ ಮೇಲೆ ಹೋಲಿಸಿದ್ರೆ ಡಾಲ್ಫಿನ್ ಎಂಜಿನ್ನೇ ದೊಡ್ಡದು. ಆದ್ರೆ ಮನೆಯವರು ಕಾಗದದ ಮೇಲೆ ಕೂರಲ್ವಲ್ಲ! ಡಾಲ್ಫಿನ್‌ಗೆ ಪಕ್ಕದ ಬಾಗಿಲು ಎರಡೇ. ಮುಂದಿನ ಸೀಟು ಬಗ್ಗಿಸಿ ಅಜ್ಜಿ ಹಿಂದೆ ಹತ್ತಬೇಕು, ರೇಷ್ಮೆ ಸೀರೆ ಉಟ್ಕೊಂಡು, ಮದುವೆಗೆ. ಮಾರುತಿಗೆ ನಾಲ್ಕು ಬಾಗಿಲು.

ಇನ್ನೊಂದು, ಫೈಬರ್‌ಗ್ಲಾಸ್. ತುಕ್ಕು ಹಿಡಿಯಲ್ಲ, ನಿಜ. ಆದ್ರೆ ಗುದ್ದಿದ್ರೆ ನೆಗ್ಗಲ್ಲ, ಸೀಳುತ್ತೆ. ಸುತ್ತಿಗೆ ಹಿಡಿದ ಟಿಂಕರಿಂಗ್‌ನವನಿಗೆ ಅಲ್ಲಿ ಕೆಲಸ ಇಲ್ಲ. ರಾಳ ಹಚ್ಚಿ ಪದರ ಕಟ್ಟೋದು ಬೇರೇನೇ ವಿದ್ಯೆ. ಅದು ಗೊತ್ತಿದ್ದವರು ಎಷ್ಟು ಜನ ಇದ್ರು?

1987ರಲ್ಲಿ ಸಿಪಾನಿ ಬಾಗಿಲು ಹೆಚ್ಚಿಸಿ 'ಮಾಂಟಾನಾ' ತಂತು. ಅಷ್ಟೊತ್ತಿಗೆ ಮಾರುತಿ ಬೀದಿ ಬೀದೀಲಿತ್ತು. 1990ರ ದಶಕದಲ್ಲಿ ಇಂಗ್ಲೆಂಡಿನ ರೋವರ್ ಮಾಂಟೆಗೊ ಜೋಡಿಸಿ ಮಾರೋ ಪ್ರಯತ್ನವೂ ಆಯ್ತು. ಕಾರಿನ ವ್ಯಾಪಾರ ಅಲ್ಲಿಗೆ ಮುಗೀತು.

ಹೊಸ ಡಾಲ್ಫಿನ್ ತಗೊಂಡವನು ಮಜಾ ಮಾಡಿದ. ಅವನಿಂದ ಕೊಂಡ ಎರಡನೇ ಓನರ್? ಅವನಿಗೆ ಸಿಕ್ಕಿದ್ದು ಒಳ್ಳೇ ಎಂಜಿನ್ನು, ಜೊತೆಗೆ ಪಾರ್ಟ್ಸ್ ಹುಡುಕೋ ಕೆಲಸ. ಸೆಕೆಂಡ್ ಹ್ಯಾಂಡ್ ತಗೊಳ್ಳೋ ನಾವೆಲ್ಲ ಆ ಎರಡನೇ ಓನರ್ ಸಾಲಿನವರು.

(4/7) ಒಂದೇ ಎಂಜಿನ್, ಎರಡು ಬೆಲೆ
1991ರ ಆರ್ಥಿಕ ಸುಧಾರಣೆ ಆದ್ಮೇಲೆ ಕಾರು ಉದ್ಯಮಕ್ಕೂ ಲೈಸೆನ್ಸ್ ಕಟ್ಟು ಸಡಿಲ ಆಯ್ತು. 1993ರಲ್ಲಿ ಝೆನ್, 1998ರಲ್ಲಿ ಸ್ಯಾಂಟ್ರೋ ಮತ್ತು ಹೋಂಡಾ ಸಿಟಿ, 1999ರಲ್ಲಿ ಫೋರ್ಡ್ ಐಕಾನ್, 2001ರಲ್ಲಿ ಫಿಯೆಟ್ ಪಾಲಿಯೊ. ಐಕಾನ್ 1.6, ಪಾಲಿಯೊ 1.6 ಓಡಿಸಿದವರನ್ನ ಕೇಳಿ, ಇವತ್ತಿಗೂ ಕಣ್ಣು ಅರಳುತ್ತೆ. ಅವೇ ಕಾರುಗಳು ಸೆಕೆಂಡ್ ಹ್ಯಾಂಡ್ ಸಂತೆಗೆ ಬಂದಾಗ ಬೆಲೆ ಮಾತ್ರ ಸರ್ರನೆ ಇಳೀತು.

2005ರ ಮೇ ತಿಂಗಳಲ್ಲಿ ಸ್ವಿಫ್ಟ್ ಬಂತು. ನನ್ನ ಪ್ರಕಾರ ಈ ಕಥೆಯ ತಿರುವು ಇಲ್ಲೇ. ಮಜಾ ಕೊಡೋ ಕಾರಿಗೆ ಮೊದಲ ಸಲ ಮಾರುತಿ ಸರ್ವೀಸ್ ಜಾಲ ಜೊತೆಯಾಯ್ತು.

ಈಗ ಒಂದು ತಮಾಷೆ ನೋಡಿ. 2007ರಲ್ಲಿ ಡೀಸೆಲ್ ಸ್ವಿಫ್ಟ್ ಬಂತಲ್ಲ, ಅದರ 1248 ಸಿಸಿ ಎಂಜಿನ್ ವಿನ್ಯಾಸ ಯಾರದ್ದು? ಫಿಯೆಟ್‌ನದ್ದು! ಅದೇ 1.3 ಮಲ್ಟಿಜೆಟ್ 2009ರ ಪುಂಟೊದಲ್ಲೂ ಇತ್ತು, ಟಾಟಾ ಕಾರುಗಳಲ್ಲೂ ಇತ್ತು. ಎಲ್ಲರ ಬಾನೆಟ್ ಕೆಳಗೂ ಅದೇ ಇದ್ದದ್ದಕ್ಕೆ ಜನ ಅದನ್ನ 'ರಾಷ್ಟ್ರೀಯ ಎಂಜಿನ್' ಅಂತ ಕರೀತಿದ್ರು. ಪುಂಟೊ ಸ್ಟೀರಿಂಗ್, ಹಳ್ಳದ ರಸ್ತೇಲಿ ಅದು ಕೂರೋ ರೀತಿ ಎರಡನ್ನೂ ಕಾರು ಪ್ರೇಮಿಗಳು ಹೊಗಳಿದವರೇ. ಆದ್ರೂ ಅದೇ ವಯಸ್ಸಿನ ಸ್ವಿಫ್ಟ್‌ಗೆ ಹೆಚ್ಚು ದುಡ್ಡು, ಪುಂಟೊಗೆ ಕಡಿಮೆ.

ಎಂಜಿನ್ ಒಂದೇ ಅಂದ್ಮೇಲೆ ಬೆಲೇಲಿ ಯಾಕೆ ವ್ಯತ್ಯಾಸ? ಮಾರೋ ಅಂಗಡಿ, ರಿಪೇರಿ ಮಾಡೋ ಕೈ, ಮುಂದೆ ಕೊಳ್ಳೋ ಗಿರಾಕಿ. ಸಂತೇಲಿ ಬೆಲೆ ಕಟ್ಟೋದು ಈ ಮೂರಕ್ಕೆ. ಡಾಲ್ಫಿನ್ ಸೋತದ್ದೂ ಇಲ್ಲೇ, ಪುಂಟೊ ಅಗ್ಗ ಆದದ್ದೂ ಇಲ್ಲೇ.

(5/7) ಹೋದವರು, ಇದ್ದವರು
ಜನರಲ್ ಮೋಟಾರ್ಸ್ 2017ರಲ್ಲಿ ಭಾರತದಲ್ಲಿ ಷೆವ್ರೊಲೆ ಮಾರೋದು ನಿಲ್ಲಿಸ್ತು. ಆಮೇಲೆ ಫಿಯೆಟ್ ಕಾರುಗಳೂ ನಿಂತವು. 2021ರ ಸೆಪ್ಟೆಂಬರಲ್ಲಿ ಫೋರ್ಡ್ ಇಲ್ಲಿ ಕಾರು ಮಾಡೋದು ನಿಲ್ಲಿಸ್ತೀವಿ, ಸರ್ವೀಸು, ಪಾರ್ಟ್ಸು ಮುಂದುವರಿಸ್ತೀವಿ ಅಂತು. 2022ರಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ನಿಂತಿತು.

ಇದರಲ್ಲಿ ಎರಡು ಬಗೆ ಇದೆ, ಬೆರೆಸಬೇಡಿ. ಪೋಲೊ ವಿಷಯದಲ್ಲಿ ಮಾಡೆಲ್ ಮಾತ್ರ ನಿಂತದ್ದು, ಕಂಪನಿ ಇಲ್ಲೇ ಇದೆ. ಫೋರ್ಡ್ ಫಿಗೊ ವಿಷಯದಲ್ಲಿ ಕಾರ್ಖಾನೆ ಕೆಲಸವೇ ನಿಂತಿತು. ಎರಡೂ ಓಡಿಸೋಕೆ ಸೊಗಸು. ಫಿಗೊ ಅಗ್ಗಕ್ಕೂ ಸಿಗುತ್ತೆ. ಆ ಉಳಿದ ದುಡ್ಡು ಲಾಭ ಅಲ್ಲ, ಮುಂದಿನ ಅನುಮಾನಕ್ಕೆ ಮೊದಲೇ ಕೊಟ್ಟ ರಿಯಾಯಿತಿ. ಅದನ್ನ ಖರ್ಚು ಮಾಡದೆ ಎತ್ತಿಡೋ ಶಕ್ತಿ ಇದ್ರೆ ತಗೊಳ್ಳಿ.

ಸುರಕ್ಷತೆಗೂ ಒಂದು ಇತಿಹಾಸ ಇದೆ, ಇದು ಪ್ರಾಣದ ಪ್ರಶ್ನೆ. ಎಲ್ಲಾ ಕಾರಿಗೂ ಎಬಿಎಸ್ ಕಡ್ಡಾಯ ಆದದ್ದು ಏಪ್ರಿಲ್ 2019ರಲ್ಲಿ, ಡ್ರೈವರ್ ಏರ್‌ಬ್ಯಾಗ್ ಜುಲೈ 2019ರಲ್ಲಿ. ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಎಲ್ಲಾ ಕಾರಲ್ಲೂ ಬಂದದ್ದು 2022ರ ಹೊತ್ತಿಗೆ. ಅಂದ್ರೆ ನೀವು ನೋಡ್ತಿರೋ 2015ರ ಕಾರಿನ ಕಡಿಮೆ ಬೆಲೆಯ ವೇರಿಯಂಟಲ್ಲಿ ಏರ್‌ಬ್ಯಾಗೇ ಇಲ್ಲದಿರಬಹುದು. ಹೆಸರು ನೋಡಿ ಮೋಸ ಹೋಗಬೇಡಿ, ವೇರಿಯಂಟ್ ಕೇಳಿ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೇಲಿ ಏರ್‌ಬ್ಯಾಗ್ ಇದ್ದ ಪೋಲೊಗೆ 4 ಸ್ಟಾರ್ ಬಂದಿತ್ತು, 2018ರ ಸ್ವಿಫ್ಟ್‌ಗೆ 2.

(6/7) ಘಾಟಿ ಜಾತ್ರೆ ಲೆಕ್ಕ
ಯಲಹಂಕದಿಂದ ದೊಡ್ಡಬಳ್ಳಾಪುರ ದಾಟಿದ್ರೆ ಘಾಟಿ ಸುಬ್ರಹ್ಮಣ್ಯ. ಅಲ್ಲಿನ ದನಗಳ ಜಾತ್ರೆ ನೋಡಿದ್ದೀರಾ? ರೈತರು ಬರೀ ಮೈಬಣ್ಣ ನೋಡಿ ಎತ್ತು ತಗೊಳ್ಳಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸ್ತಾರೆ, ಸುಳಿ ನೋಡ್ತಾರೆ, ನಡೆಸಿ ನೋಡ್ತಾರೆ. ಹೊಲಕ್ಕೂ ಆಗಬೇಕು, ಗಾಡಿಗೂ ಆಗಬೇಕು. ಕಾರಿಗೂ ಅದೇ ಲೆಕ್ಕ.

ಹಲ್ಲು ಅಂದ್ರೆ ಕಾಗದ. KA ನಂಬರ್ ಪದ್ಧತಿ 1989ರಿಂದ ಇದೆ. ನಮ್ಮ ಕಡೆ ಕೆಎ-04 ಯಶವಂತಪುರ, ಕೆಎ-50 ಯಲಹಂಕ. ಆರ್‌ಸಿಯಲ್ಲಿ ಎಷ್ಟನೇ ಓನರ್, ಸಾಲ ತೀರಿದೆಯಾ, ನೋಡಿ. ಬ್ಯಾಂಕ್ ಹೆಸರು ಇದ್ರೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಬರೋವರೆಗೂ ಪೂರ್ತಿ ದುಡ್ಡು ಕೊಡಬೇಡಿ. ಹೆಸರು ಬದಲಾಯಿಸೋಕೆ ಫಾರಂ 29 ಮತ್ತು 30. ಹೊರ ರಾಜ್ಯದ ಕಾರು ಅಗ್ಗ ಅನ್ಸಿದ್ರೆ ಇಲ್ಲಿ ಕಟ್ಟಬೇಕಾದ ರಸ್ತೆ ತೆರಿಗೇನೂ ಸೇರಿಸಿ ಲೆಕ್ಕ ಹಾಕಿ. 15 ವರ್ಷ ತುಂಬೋಕೆ ಬಂದಿದ್ರೆ ಮತ್ತೆ ಎಫ್‌ಸಿ ಮಾಡಿಸಬೇಕು.

ಸುಳಿ ಅಂದ್ರೆ ನೀರಿನ ಗುರುತು. 2021ರ ನವೆಂಬರಲ್ಲಿ, ಮತ್ತೆ 2024ರ ಅಕ್ಟೋಬರಲ್ಲಿ ಯಲಹಂಕದ ಕೇಂದ್ರೀಯ ವಿಹಾರದೊಳಗೆ ನೀರು ನುಗ್ಗಿ ದೋಣೀಲಿ ಜನರನ್ನ ಕರ್ಕೊಂಡು ಬಂದದ್ದು ನೆನಪಿದೆಯಲ್ಲ? ಅಂಥ ಮಳೇಲಿ ನಗರದ ಯಾವ ಮೂಲೇಲಾದ್ರೂ ನಿಂತ ನೀರಲ್ಲಿ ಕಾರು ಮುಳುಗಬಹುದು, ತೊಳೆದು ಪಾಲಿಶ್ ಮಾಡಿ ಮಾರಾಟಕ್ಕೂ ಬರಬಹುದು. ಸೀಟ್ ಬೆಲ್ಟನ್ನ ಕೊನೆತನಕ ಎಳೀರಿ, ಕೆಸರಿನ ಗೆರೆ ಇದೆಯಾ ನೋಡಿ. ಸ್ಟೆಪ್ನಿ ಇಡೋ ಗುಂಡಿ, ಕಾರ್ಪೆಟ್ ಅಡಿ ಮುಟ್ಟಿ ನೋಡಿ. ಇನ್ಶೂರೆನ್ಸ್ ಕ್ಲೈಮ್ ಇತಿಹಾಸ ಕೇಳಿ.

ನಡೆಸಿ ನೋಡೋದು ಅಂದ್ರೆ ಟೆಸ್ಟ್ ಡ್ರೈವ್. ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ. ಸಂಜೆ ಹೊತ್ತು ಹೆಬ್ಬಾಳದ ಟ್ರಾಫಿಕ್ಕಲ್ಲಿ ಕ್ಲಚ್ ಹೇಗಿದೆ, ಆರ್.ಟಿ. ನಗರದ ಒಳರಸ್ತೆ ಹಂಪ್ ಮೇಲೆ ಸದ್ದು ಬರುತ್ತಾ, ಬಳ್ಳಾರಿ ರಸ್ತೇಲಿ ವೇಗ ಹಿಡಿದಾಗ ಸ್ಟೀರಿಂಗ್ ನಡುಗುತ್ತಾ, ಮೂರೂ ನೋಡಬೇಕು. ಹಿಂದಿನ ಸೀಟಲ್ಲಿ ಮನೆಯವರನ್ನ ಕೂರಿಸ್ಕೊಂಡೇ ನೋಡಬೇಕು.

(7/7) ಹಾಗಾದ್ರೆ ಯಾವುದು?
ನಮ್ಮ ಮನೇಲಿ ಈಗ ಇದೇ ಚರ್ಚೆ ನಡೀತಿದೆ, ಅದಕ್ಕೇ ಇಷ್ಟೆಲ್ಲ ಓದಿದ್ದು. ದುಡ್ಡು ಅಕ್ಕನ ಸಂಬಳದ ಮೇಲಿನ ಸಾಲ. ಅಜ್ಜಿಗೆ ಮಂಡಿ ನೋವು, ತಿಂಗಳಿಗೆರಡು ಸಲ ಆಸ್ಪತ್ರೆ. ಅಕ್ಕನಿಗೋ ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ತಿರುವುಗಳು ಬೇಕು. ಅಪ್ಪ "ಮೈಲೇಜ್ ಎಷ್ಟಮ್ಮ?" ಅಂತಾರೆ. "ಓಡಿಸೋಳು ನಾನಲ್ವಾಪ್ಪಾ?" ಅಂತಾಳೆ ಅಕ್ಕ. ಇಬ್ಬರದ್ದೂ ನ್ಯಾಯವೇ.

ನಾನು ಇಬ್ಬರಿಗೂ ಹೇಳಿದ್ದು ಇಷ್ಟು. ಮಜಾ ಬೇಡ ಅಂತ ಬಿಡಬೇಕಿಲ್ಲ, ಆದ್ರೆ ಅದನ್ನ ಮೂರನೇ ಪ್ರಶ್ನೆ ಮಾಡೋಣ. ಮೊದಲನೇದು, ಇದನ್ನ ರಿಪೇರಿ ಮಾಡೋರು ನಮ್ಮ ಮನೆಯಿಂದ ಎಷ್ಟು ದೂರ? ಎರಡನೇದು, ಅಜ್ಜಿ ಯಾರ ಕೈಯೂ ಹಿಡಿಯದೆ ಹತ್ತಿ ಇಳೀತಾರಾ? ಈ ಎರಡರಲ್ಲೂ ಪಾಸಾದ ಕಾರುಗಳಲ್ಲಿ ಅಕ್ಕನಿಗೆ ಯಾವುದು ಇಷ್ಟವೋ ಅದು.

ಹಾಗೆ ಸೋಸಿದ ಮೇಲೆ ನಮ್ಮ ಪಟ್ಟೀಲಿ ಉಳಿದದ್ದು ಎರಡು. ಒಂದು 2018ರ ನಂತರದ ಪೆಟ್ರೋಲ್ ಸ್ವಿಫ್ಟ್. ಒಂಬೈನೂರು ಕೆಜಿಯ ಆಸುಪಾಸು, ಹಗುರ ಮೈ, 1197 ಸಿಸಿ ಎಂಜಿನ್. ಡಾಲ್ಫಿನ್ ಗುಣ, ಮಾರುತಿ ಸರ್ವೀಸ್. ಇನ್ನೊಂದು ಏರ್‌ಬ್ಯಾಗ್ ಇರೋ ಪೋಲೊ. ಮೈ ಗಟ್ಟಿ, ರಿಪೇರಿ ಖರ್ಚು ಸ್ವಲ್ಪ ಜಾಸ್ತಿ. ಸ್ಟಾರ್ ಲೆಕ್ಕ ನೋಡಿದ ಮೇಲೆ ಅಪ್ಪನೇ ಪೋಲೊ ಕಡೆ ವಾಲಿದ್ದಾರೆ. ಮೈಲೇಜ್ ಮಾತು ನಿಂತಿದೆ.

ಡಾಲ್ಫಿನ್ ಕೆಟ್ಟ ಕಾರಲ್ಲ. ಬೆಂಗಳೂರಲ್ಲಿ ಅಂಥದ್ದೊಂದು ಹುಟ್ಟಿತ್ತು ಅನ್ನೋದೇ ಖುಷಿ. ಆದ್ರೆ ಒಳ್ಳೇ ಕಾರು ಬಾಳೋಕೆ ಅದರ ಸುತ್ತ ಒಂದು ಬೀದಿ ಬೇಕು. ಪಾರ್ಟ್ಸ್ ಅಂಗಡಿ, ಕೈಗೆ ಗ್ರೀಸ್ ಹತ್ತಿದ ಮೆಕ್ಯಾನಿಕ್, ನಾಳೆ ನಿಮ್ಮಿಂದ ಕೊಳ್ಳೋ ಮತ್ತೊಂದು ಸಂಸಾರ. ಕಾರಿನ ಫೋಟೋ ನೋಡೋ ಮುಂಚೆ ಆ ಬೀದಿ ಇದೆಯಾ ಅಂತ ನೋಡಿ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೇಲಿ ಕೇಳಿ: ನಮ್ಮ ಕುಟುಂಬದ ಮೊದಲ ಕಾರು ಯಾವುದು, ಯಾರಿಂದ ತಗೊಂಡ್ರು, ಕೊನೆಗೆ ಯಾಕೆ ಮಾರಿದ್ರು? ಉತ್ತರ ಕಾಮೆಂಟಲ್ಲಿ ಹಾಕಿ. ಯಾರ ಮನೇಲಾದ್ರೂ ಡಾಲ್ಫಿನ್ ಇತ್ತು ಅಂದ್ರೆ ಹಳೇ ಫೋಟೋ ಕಳಿಸಿ, ಮುಂದಿನ ಪೋಸ್ಟ್ ಅದರದ್ದೇ.

#ನಮ್ಮಬೆಂಗಳೂರು #ಕಾರಿನಕಥೆ #ಉತ್ತರಬೆಂಗಳೂರು #ಇತಿಹಾಸಕನ್ನಡದಲ್ಲಿ