ಕೊಸರು ಮತ್ತು ಜಮಾ

ನಮ್ಮ ಬಳ್ಳಾರಿ ಕಡೆಯ ಹೆಣ್ಣುಮಕ್ಕಳಿಗೆ ಕೊಸರಿನ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಬದನೆಕಾಯಿ ತೂಗಿಸಿಕೊಂಡ ಮೇಲೆ ಇನ್ನೊಂದು ಬದನೆಕಾಯಿ, ಸೊಪ್ಪು ಕೊಂಡ ಮೇಲೆ ನಾಲ್ಕು ಎಳೆ ಕರಿಬೇವು, ಶೇಂಗಾ ಅಳೆಸಿದ ಮೇಲೆ ಮತ್ತೊಂದು ಹಿಡಿ ಬೀಳದಿದ್ದರೆ ಚೀಲದ ಬಾಯಿ ಮುಚ್ಚುವವರಲ್ಲ ನಾವು. ಮಾರುವವಳು ಗೊಣಗುತ್ತಾಳೆ, ಆದರೂ ಹಾಕುತ್ತಾಳೆ. ಕೊಸರಿಗೆ ಚೀಟಿಯಿಲ್ಲ, ಬಾಕಿಯಿಲ್ಲ. ಕೊಟ್ಟರೆ ಉಂಟು, ಕೊಡದಿದ್ದರೆ ಜಗಳವಾಡಬಹುದೇ ಹೊರತು ನ್ಯಾಯ ಕೇಳಲಾಗದು.

ಜಮಾ ಹಾಗಲ್ಲ. ಜಮಾ ಎಂದರೆ ಇನ್ನೊಬ್ಬರ ಪುಸ್ತಕದಲ್ಲಿರುವ ನನ್ನ ದುಡ್ಡು. ಅದನ್ನು ಕೇಳುವುದಕ್ಕೆ ನಾಚಬೇಕಿಲ್ಲ, ದೇಹಿ ಎನ್ನಬೇಕಿಲ್ಲ. ಈಗ ಮನೆಮನೆಗೆ ಬಂದಿರುವ ಕ್ರೆಡಿಟ್ ಕಾರ್ಡಿನಲ್ಲಿ ಕ್ಯಾಶ್‌ಬ್ಯಾಕ್ ಎಂಬುದೊಂದಿದೆಯಲ್ಲ, ಅದು ಕೊಸರಾಗಿ ಹುಟ್ಟಿ ಜಮೆಯಾಗಿ ಕೂರುತ್ತದೆ. ಖಾತೆಗೆ ಬಿದ್ದ ಮೇಲೂ ನಾವು ಅದನ್ನು ಕೊಸರೆಂದೇ ತಿಳಿದು ಸುಮ್ಮನಿರುತ್ತೇವೆ. ಅದಕ್ಕೇ ಈ ಎರಡರ ಚರಿತ್ರೆಯನ್ನು ಸ್ವಲ್ಪ ನೋಡಬೇಕೆನಿಸಿತು.

ಒಬ್ಬರ ದುಡ್ಡು ಇನ್ನೊಬ್ಬರ ಕೈಯಲ್ಲಿರುವ ಏರ್ಪಾಡು ನಮ್ಮ ಸೀಮೆಗೆ ಹೊಸದೇನಲ್ಲ. ನನ್ನ ತವರು ಕುರುಗೋಡು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಸಿಂದ ಮನೆತನದವರು ಆಳಿದ ಊರು. ಹಳೆಯ ಗುಡಿಗಳ ಊರು, ದೊಡ್ಡ ಬಸವಣ್ಣನ ಊರು. ಆ ಕಾಲದ ಕನ್ನಡ ದಾನಶಾಸನಗಳಲ್ಲಿ ಒಂದು ಕ್ರಮ ಮತ್ತೆ ಮತ್ತೆ ಕಾಣುತ್ತದೆ. ಭಕ್ತರೊಬ್ಬರು ನಂದಾದೀಪಕ್ಕೆಂದು ಇಷ್ಟು ಗದ್ಯಾಣ ಹೊನ್ನು ಕೊಡುತ್ತಾರೆ. ಊರ ಮಹಾಜನರೋ ವರ್ತಕರೋ ಅದನ್ನು ಇಟ್ಟುಕೊಂಡು, ಬಡ್ಡಿಯಿಂದ ದೀಪದ ಎಣ್ಣೆ ನಡೆಸುತ್ತಾರೆ. ಕೊಟ್ಟವರ ಹೆಸರು, ಮೊತ್ತ, ಉದ್ದೇಶ ಎಲ್ಲವೂ ಕಲ್ಲಿನ ಮೇಲೆ. ಹೊನ್ನು ಯಾರ ಕೈಯಲ್ಲಿದ್ದರೂ ಬರಹ ಎಲ್ಲರ ಕಣ್ಣಿಗೆ ಬೀಳುತ್ತಿತ್ತು.

ಸಿರುಗುಪ್ಪದ ನಮ್ಮ ದೊಡ್ಡವ್ವನ ಕಾಲಕ್ಕೆ ಕಲ್ಲು ಹೋಗಿ ಕಾಗದ ಬಂದಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟ ಮೇಲೆ ಆ ಕಡೆ ಭತ್ತ ಹೆಚ್ಚಿತು. ಭತ್ತದ ಹಿಂದೆಯೇ ಅಕ್ಕಿ ಗಿರಣಿಗಳು, ದಲಾಲಿ ಅಂಗಡಿಗಳು ಎದ್ದವು. ದೊಡ್ಡಪ್ಪ ಸುಗ್ಗಿಯ ಭತ್ತ ಅಂಗಡಿಗೆ ಹಾಕಿ, ಬೇಕಾದಷ್ಟು ದುಡ್ಡು ತಂದು, ಉಳಿದದ್ದನ್ನು ಅಲ್ಲೇ ಜಮಾ ಬಿಡುತ್ತಿದ್ದರು. ಹಬ್ಬಕ್ಕೆ, ಬೀಜಕ್ಕೆ, ಬಾಣಂತನಕ್ಕೆ ಆಗಾಗ ಹೋಗಿ ತರುವುದು. ಖಾತೆ ದೊಡ್ಡಪ್ಪನ ಹೆಸರಿನಲ್ಲಿ, ಪುಸ್ತಕ ಸಾಹುಕಾರರ ಗಲ್ಲೆಯ ಪಕ್ಕದಲ್ಲಿ.

1979ರಲ್ಲಿ ದೊಡ್ಡಪ್ಪ ತೀರಿಕೊಂಡರು. ತಿಂಗಳು ಕಳೆದು ದೊಡ್ಡವ್ವ ಅಂಗಡಿಗೆ ಹೋದರೆ, "ಅಣ್ಣಾವ್ರು ಎಲ್ಲಾ ಒಯ್ದಾರವ್ವಾ, ಬಾಕಿ ಏನೂ ಉಳಿದಿಲ್ಲ" ಎಂದರಂತೆ. ದೊಡ್ಡವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಅಂಗಡಿಯಿಂದ ಬಂದ ಪ್ರತಿಯೊಂದು ಚೀಟಿಯನ್ನೂ ಅಡುಗೆಮನೆಯ ಗೋಡೆಯ ತಂತಿಗೆ ಚುಚ್ಚಿ ಇಟ್ಟಿದ್ದಳು. ಆ ತಂತಿಯನ್ನೇ ಕಿತ್ತುಕೊಂಡು ಮರುದಿನ ಮತ್ತೆ ಹೋಗಿ ಕೂತಳು. ಗುಮಾಸ್ತ ಒಂದೊಂದೇ ಚೀಟಿ ತೆಗೆದು ಕಿರ್ದಿಗೆ ಹೊಂದಿಸಿದ. ಸಂಜೆಯ ಹೊತ್ತಿಗೆ 1,140 ರೂಪಾಯಿ ಜಮಾ ಹೊರಬಿತ್ತು. ಆ ದುಡ್ಡಿನಲ್ಲಿ ಅವಳು ಎಮ್ಮೆ ಕಟ್ಟಿದಳು. ಹಾಲು ಮಾರಿ ಇಬ್ಬರು ಮಕ್ಕಳನ್ನು ಓದಿಸಿದಳು. "ಹಾಳಿ ಚೀಟಿ ಬಿಟ್ಟರೆ ನನ್ನ ಕಡೆ ಏನಿತ್ತು ಹೇಳು" ಎಂದು ಕೊನೆಯವರೆಗೂ ಅನ್ನುತ್ತಿದ್ದಳು.

ಸಾಹುಕಾರರ ಪುಸ್ತಕದಿಂದ ನಮ್ಮ ಕೈಯ ಪುಸ್ತಕಕ್ಕೆ ಲೆಕ್ಕ ಬಂದದ್ದು ಮೆಲ್ಲಮೆಲ್ಲಗೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ತಂದು, ಬಾಗಿಲಿಗೇ ಬಂದು ಎರಡಾಣೆಯನ್ನೂ ಬರೆದುಕೊಳ್ಳತೊಡಗಿದರು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. 1976ರಲ್ಲಿ ಬಳ್ಳಾರಿಯಲ್ಲೇ ತುಂಗಭದ್ರಾ ಗ್ರಾಮೀಣ ಬ್ಯಾಂಕು ಹುಟ್ಟಿತು. ಅದು ಬೇರೆ ಗ್ರಾಮೀಣ ಬ್ಯಾಂಕುಗಳೊಡನೆ ಸೇರುತ್ತಾ, ಹೆಸರು ಬದಲಿಸುತ್ತಾ ಈಗ ಕರ್ನಾಟಕ ಗ್ರಾಮೀಣ ಬ್ಯಾಂಕಾಗಿದೆ. ಅದರ ಪ್ರಧಾನ ಕಚೇರಿ ಇಂದಿಗೂ ಬಳ್ಳಾರಿಯಲ್ಲಿದೆ.

ಪಾಸ್‌ಬುಕ್ ಬಂದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದಲ್ಲ. ಉಳಿತಾಯ ಖಾತೆಗೆ ಬಡ್ಡಿ ಲೆಕ್ಕ ಹಾಕುವಾಗ ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಮೊತ್ತವನ್ನಷ್ಟೇ ಹಿಡಿಯುತ್ತಿದ್ದರು. 11ಕ್ಕೆ ಹಾಕಿದ ದುಡ್ಡಿಗೆ ಆ ತಿಂಗಳು ಬಡ್ಡಿಯಿಲ್ಲ. 2010ರ ಏಪ್ರಿಲ್ 1ರಿಂದ ದಿನದಿನದ ಮೊತ್ತದ ಮೇಲೆ ಬಡ್ಡಿ ಎಣಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ ಮೇಲೆ ಆ ನಷ್ಟ ತಪ್ಪಿತು.

ಇನ್ನು ಕ್ಯಾಶ್‌ಬ್ಯಾಕಿನ ವಂಶಾವಳಿ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ನೇಕಾರರೂ ಇತರ ಕೆಲಸಗಾರರೂ ಸೇರಿ, ಒಟ್ಟು 28 ಮಂದಿ, ಒಂದು ಸಹಕಾರಿ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ ಮಾರಿ ಬಂದ ಲಾಭವನ್ನು ಸದಸ್ಯರಿಗೆ ಅವರವರ ಖರೀದಿಗೆ ತಕ್ಕಂತೆ ಹಿಂದಿರುಗಿಸಿದರು. ಅಲ್ಲಿ ಕೊಸರಿಗೆ ಲೆಕ್ಕ ಹುಟ್ಟಿತು. ಬೇಡವೆಂದವರು ಆ ಪಾಲನ್ನು ಅಂಗಡಿಯಲ್ಲೇ ಜಮಾ ಬಿಡಬಹುದಿತ್ತು. 1986ರಲ್ಲಿ ಅಮೆರಿಕದ ಸಿಯರ್ಸ್ ಕಂಪನಿ ಡಿಸ್ಕವರ್ ಎಂಬ ಕಾರ್ಡು ತಂದು, ಖರೀದಿಯ ಸಣ್ಣ ಭಾಗವನ್ನು ಗಿರಾಕಿಗೆ ವಾಪಸು ಕೊಡುವ ಪದ್ಧತಿಯನ್ನು ಜನಪ್ರಿಯ ಮಾಡಿತು. ನಮ್ಮಲ್ಲಿ 1980ರಲ್ಲೇ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಕ್ರೆಡಿಟ್ ಕಾರ್ಡು ತಂದಿತ್ತು. ಕ್ಯಾಶ್‌ಬ್ಯಾಕಿನ ಆಸೆ ಆಮೇಲೆ ಬಂದದ್ದು. ರಾಚ್‌ಡೇಲಿನಲ್ಲಿ ಕೊಳ್ಳುವವರೇ ಅಂಗಡಿಯ ಒಡೆಯರು. ಕಾರ್ಡಿನಲ್ಲಿ ಹಾಗಿಲ್ಲ. ಅಂಗಡಿಯವರು ಬ್ಯಾಂಕಿಗೆ ತೆರುವ ಶುಲ್ಕ, ಬಿಲ್ಲು ಪೂರ್ತಿ ಕಟ್ಟದವರು ತೆರುವ ಬಡ್ಡಿ, ಇವುಗಳಿಂದಲೇ ಈ ಕೊಸರು ಬರುತ್ತದೆ.

ಹೋದ ವರ್ಷ ಕುರುಗೋಡಿನಲ್ಲಿರುವ ನನ್ನ ತಮ್ಮನ ಮಗಳು ಬಳ್ಳಾರಿಯ ನನ್ನ ಮನೆಗೆ ಕಾರ್ಡಿನ ಬಿಲ್ಲು ಹಿಡಿದು ಬಂದಳು. ಮೊಬೈಲಿನಲ್ಲಿ 6,200 ರೂಪಾಯಿಯ ಸೀರೆ ತರಿಸಿದ್ದಳು. ಬಿಲ್ಲು ಪೂರ್ತಿ ಕಟ್ಟಿದಳು, 310 ರೂಪಾಯಿ ಕ್ಯಾಶ್‌ಬ್ಯಾಕ್ ಬಿತ್ತು. ಸೀರೆಯಲ್ಲಿ ಎಳೆ ಕಿತ್ತಿದ್ದರಿಂದ ಹಿಂದಿರುಗಿಸಿದಳು. 6,200 ಜಮಾ ಬಂತು. ಸೀರೆಯ ಜೊತೆ ಕೊಸರೂ ಹಿಂದಕ್ಕೆ ಹೋಗಿ ಆ 310 ಕಳೆಯಿತು. ಬಿಲ್ಲಿನಲ್ಲಿ ಉಳಿದದ್ದು 6,200, ಅದರ ಹಿಂದೆ ಕಳೆಯುವ ಗುರುತು. "ಅತ್ತೀ, ಇದು ನಾನು ಕಟ್ಟಬೇಕಾದ್ದೋ, ಅವರು ಕೊಡಬೇಕಾದ್ದೋ?" ಎಂದು ಕೇಳಿದಳು. ಮಗನ ಪರೀಕ್ಷಾ ಶುಲ್ಕ ಆ ವಾರವೇ ಕಟ್ಟಬೇಕಿತ್ತು. ಬ್ಯಾಂಕಿಗೆ ಫೋನು ಮಾಡಿದರೆ, "ಇರಲಿ ಬಿಡಿ ಮೇಡಂ, ಮುಂದಿನ ಖರೀದಿಗೆ ಆಗುತ್ತೆ" ಎಂಬ ಉತ್ತರ.

ಸಾಲದ ಬಿಲ್ಲಿನಲ್ಲಿ ಕಳೆಯುವ ಗುರುತೋ 'ಸಿಆರ್' ಎಂಬ ಅಕ್ಷರವೋ ಇದ್ದರೆ ಅದು ನಮ್ಮ ಜಮಾ. ಸಾಮಾನ್ಯವಾಗಿ ಅದಕ್ಕೆ ಬಡ್ಡಿ ಸಿಗದು. 2022ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನ ಈ ವಿಷಯದಲ್ಲಿ ಬಹಳ ಸ್ಪಷ್ಟ. ಬಿಲ್ಲು ಕಟ್ಟುವ ಮೊದಲೇ ಮರುಪಾವತಿ ಬಂದರೆ ಕೂಡಲೇ ಬಾಕಿಯಲ್ಲಿ ಕಳೆಯಬೇಕು. ಕಟ್ಟಿಯಾದ ಮೇಲೆ ಬಂದ ಮರುಪಾವತಿ, ಕಾರ್ಡಿನ ಮಿತಿಯ ಶೇಕಡಾ 1 ಅಥವಾ 5,000 ರೂಪಾಯಿ, ಇವೆರಡರಲ್ಲಿ ಕಡಿಮೆಯಾದದ್ದನ್ನು ಮೀರಿದರೆ, ಅದನ್ನು ಕಾರ್ಡಿನಲ್ಲೇ ಹೊಂದಿಸಲು ಏಳು ದಿನದೊಳಗೆ ನಮ್ಮ ಒಪ್ಪಿಗೆ ಕೇಳಬೇಕು. ಉತ್ತರ ಬಾರದಿದ್ದರೆ ನಮ್ಮ ಬ್ಯಾಂಕ್ ಖಾತೆಗೆ ಹಾಕಬೇಕು. ಮೊತ್ತ ಎಷ್ಟೇ ಇರಲಿ, ಕಾರ್ಡಿನಲ್ಲಿರುವ ಜಮೆಯನ್ನು ಖಾತೆಗೆ ಹಾಕಿರೆಂದು ನಾವೇ ಕೇಳಿದರೆ ಮೂರು ಕೆಲಸದ ದಿನಗಳಲ್ಲಿ ಹಾಕಬೇಕು. ಕಾರ್ಡು ಮುಚ್ಚಿಸಿದರೂ ಉಳಿದ ಜಮೆ ನಮ್ಮ ಖಾತೆಗೇ ಬರಬೇಕು.

ನಮ್ಮ ಹುಡುಗಿಯ ಕಾರ್ಡಿನ ಮಿತಿ 60,000. ಅದರ ಶೇಕಡಾ 1 ಎಂದರೆ 600. ಅವಳ ಜಮೆ ಅದರ ಹತ್ತರಷ್ಟು. ಒಪ್ಪಿಗೆ ಕೇಳಿದ ಒಂದು ಸಂದೇಶವೂ ಬಂದಿರಲಿಲ್ಲ. ನಿರ್ದೇಶನದ ಹೆಸರು ಹಾಕಿ ನಾಲ್ಕು ಸಾಲಿನ ಇ-ಮೇಲ್ ಬರೆದಳು. ಮೂರನೆಯ ದಿನ ದುಡ್ಡು ಖಾತೆಗೆ ಬಂತು, ಶುಲ್ಕ ಕಟ್ಟಿದಳು.

ಆದ್ದರಿಂದ ಕಾರ್ಡು ಇಟ್ಟುಕೊಂಡಿರುವ ಅಕ್ಕತಂಗಿಯರಿಗೆ ಎರಡು ಮಾತು. ಕ್ಯಾಶ್‌ಬ್ಯಾಕ್ ಬಂತೆಂದು ಬಿಲ್ಲು ಕಟ್ಟುವುದನ್ನು ಬಿಡಬೇಡಿ. ಬಹಳಷ್ಟು ಬ್ಯಾಂಕುಗಳು ಅದನ್ನು ಕನಿಷ್ಠ ಪಾವತಿಯೆಂದು ಎಣಿಸುವುದಿಲ್ಲ. ಕಾರ್ಡು ಮುಚ್ಚಿಸುವ ಮುನ್ನ ಕೂಡಿಬಿದ್ದ ಅಂಕಗಳನ್ನು ಬಳಸಿಬಿಡಿ. ಖಾತೆಗೆ ಇಳಿಯದ ಅಂಕ ಇನ್ನೂ ಕೊಸರೇ, ಕೈತಪ್ಪಬಹುದು. ಇಳಿದ ರೂಪಾಯಿಯನ್ನು ಮಾತ್ರ ಬರೆದು ಕೇಳಿ, ಬರೆದದ್ದರ ಪ್ರತಿ ಇಟ್ಟುಕೊಳ್ಳಿ. ದೊಡ್ಡವ್ವನಿಗೆ ದುಡ್ಡು ಸಿಕ್ಕಿದ್ದು ಸಾಹುಕಾರರ ದಯೆಯಿಂದಲ್ಲ, ತಂತಿಗೆ ಚುಚ್ಚಿದ ಚೀಟಿಗಳಿಂದ.