ಹಸಿರು ಪಾಚಿಯ ಕೋಶಭಿತ್ತಿ

ಕೆರೆಯ ಹಸಿರು ಎಳೆಯನ್ನು ಬೆರಳಲ್ಲಿ ಉಜ್ಜಿ ನೋಡಿ. ಸ್ಪೈರೋಗೈರಾ ಆಗಿದ್ದರೆ ಜಾರುತ್ತದೆ. ಅದರ ಸೆಲ್ಯುಲೋಸ್ ಭಿತ್ತಿಯ ಮೇಲೆ ಪೆಕ್ಟಿನ್ ತುಂಬಿದ ಲೋಳೆಯ ಹೊದಿಕೆಯಿದೆ. ಇನ್ನೊಂದು ಹಸಿರು ಪಾಚಿ ಕಾರಾ ಒರಟು, ಅದರ ಮೈಗೆ ಸುಣ್ಣ ಕಟ್ಟಿಕೊಳ್ಳುತ್ತದೆ.

ಹಸಿರು ಪಾಚಿಗಳೆಲ್ಲ ಸೆಲ್ಯುಲೋಸನ್ನೇ ನೆಚ್ಚಿಲ್ಲ. ಕ್ಲಾಮಿಡೊಮೊನಾಸ್ ಭಿತ್ತಿಯಲ್ಲಿ ಅದು ಇಲ್ಲವೇ ಇಲ್ಲ, ಇರುವುದು ಸಕ್ಕರೆ ಬೆಸೆದ ಪ್ರೋಟೀನುಗಳು. ಕಡಲಿನ ಕಾಲೆರ್ಪಾದ ಭಿತ್ತಿಯಲ್ಲಿ ಕ್ಸೈಲಾನ್, ಕೋಡಿಯಂನದರಲ್ಲಿ ಮ್ಯಾನಾನ್ ಎಂಬ ಬೇರೆ ಸಕ್ಕರೆ ಸರಪಳಿಗಳಿವೆ. ಆಸ್ಟ್ರಿಯೊಕಾಕಸ್‌ಗಂತೂ ಭಿತ್ತಿಯೇ ಇಲ್ಲ. ಸುಮಾರು 1 ಮೈಕ್ರೋಮೀಟರ್ ಅಗಲದ ಆ ಕೋಶ ಬರೀ ಪೊರೆಯಲ್ಲೇ ಬದುಕುತ್ತದೆ.

ನೆಲದ ಸಸ್ಯಗಳಿಗೆ ತೀರ ಹತ್ತಿರದ ನೆಂಟ ಸ್ಪೈರೋಗೈರಾದ ಗುಂಪೇ ಎನ್ನುತ್ತವೆ ವಂಶವಾಹಿ ಅಧ್ಯಯನಗಳು. ಸುಮಾರು 47 ಕೋಟಿ ವರ್ಷಗಳ ಹಿಂದೆ ಸಸ್ಯಗಳು ನೆಲಕ್ಕೇರುವ ಮೊದಲೇ ಸೆಲ್ಯುಲೋಸ್, ಪೆಕ್ಟಿನ್ ಎರಡೂ ಇದ್ದ ಭಿತ್ತಿ ನೀರಿನಲ್ಲಿ ರೂಪುಗೊಂಡಿತ್ತು. ನೆಲದ ಸಸ್ಯಗಳಿಗೆ ಆ ಭಿತ್ತಿ ಅಲ್ಲಿಂದಲೇ ಬಂತು. ನಾವು ಉಡುವ ಹತ್ತಿಯ ನೂಲೂ ಸೆಲ್ಯುಲೋಸೇ.